ಹದಿನಾಲ್ಕು ಅಡಿಯ ಕಂಬ, ಮಾಸ್ತರರ ದನಿ

ಬೆಳಗನ್ನು ಬೆಳಗಾಗಿಸುವ, ಮಾತಿಗೆ ಆಕಾಶವನ್ನೂ ಕಾಲಿಗೆ ನೆಲವನ್ನೂ ಕೊಟ್ಟಿರುವ ಪರಶಿವನಿಗೆ ಮೊದಲು ಶರಣೆನ್ನುತ್ತೇನೆ. ಮರಳ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಮಠದ ಗುರುಗಳಿಗೆ, ಕಣ್ಣಿಗೆ ಕಾಣದ ಅಲೆಯೊಂದು ಊರಿಂದೂರಿಗೆ ನಡೆಯುತ್ತದೆಂದು ಕಂಡುಕೊಂಡು ಆ ಅರಿವನ್ನು ಮುಚ್ಚಿಡದೆ ಲೋಕಕ್ಕೆ ಕೊಟ್ಟ ಮಹನೀಯರಿಗೆ, ಭೂಮಿಯ ಹೊಟ್ಟೆಯಿಂದ ತಾಮ್ರ ತೆಗೆದು ತಂತಿಯೆಳೆದ ಹೆಸರಿಲ್ಲದ ಕೈಗಳಿಗೆ ನಾನು ಋಣಿ. ಈ ಬರಹದಲ್ಲಿ ಬರುವುದು ಹೆಚ್ಚಿನಂಶ ಸೋಲಿನ ಸಂಗತಿ. ಸೋಲನ್ನು ಹೇಳುವಾಗಲೂ ಕೃತಜ್ಞತೆಯಿಂದಲೇ ತೊಡಗಬೇಕೆಂದು ಹಿರಿಯರು ಕಲಿಸಿದ್ದಾರೆ.

ದಿನವೂ ಬೆಳಿಗ್ಗೆ ಏಳು ಗಂಟೆಗೆ, ರೇಡಿಯೋ ಹವ್ಯಾಸಿಗಳು ನಲವತ್ತು ಮೀಟರ್ ಎಂದು ಕರೆಯುವ ಅಲೆಪಟ್ಟಿಯಲ್ಲಿ, ನಮ್ಮದೊಂದು ಕೂಟ ಸೇರುತ್ತದೆ. ಬೆಂಗಳೂರು, ಪುಣೆ, ಹೊಸಪೇಟೆ, ನಾಗಪುರ, ಹೀಗೆ ಬೇರೆ ಬೇರೆ ಊರುಗಳಲ್ಲಿ ಪರವಾನಿಗೆ ಪಡೆದ ಹವ್ಯಾಸಿಗಳು ತಮ್ಮ ತಮ್ಮ ಸೆಟ್ಟಿನ ಮುಂದೆ ಕುಳಿತು, ಹೆಸರು ಕರೆದಾಗ ಹಾಜರಿ ಹೇಳಿ, ಹವೆ, ಆರೋಗ್ಯ, ಹೊಸ ಪ್ರಯೋಗ ಎಂದು ನಾಲ್ಕು ಮಾತಾಡಿ ಏಳುತ್ತಾರೆ. ಹಾಜರಿ ಕರೆಯುವ ಹೊಣೆ ಒಬ್ಬರದು. ಬಹುಕಾಲ ಆ ಹೊಣೆ ಹೊತ್ತವರು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಮ್ಮ ಮಾಸ್ತರರು. ನಾನು ಸಂಸ್ಕೃತ ಓದಿದವನು, ಎಲ್ಲರ ಬಾಯಲ್ಲಿ ಶಾಸ್ತ್ರಿ. ಸಂಜೆಯ ಹೊತ್ತು ಅವರ ಪಕ್ಕದಲ್ಲಿ ಕುಳಿತು, ಶಬ್ದಶಾಸ್ತ್ರ ಬಿಟ್ಟು ಶಬ್ದವನ್ನೇ ಕಲಿತವನು.

ಸಕ್ಕರೆ ಕಾಯಿಲೆ ಮಾಸ್ತರರ ಕಣ್ಣುಗಳನ್ನು ಒಂದೊಂದಾಗಿ ತೆಗೆದುಕೊಂಡಿತು. ಯುಗಾದಿಯ ನಂತರ ಅವರು ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿದ್ದ ಬಾಡಿಗೆ ಮನೆ ಬಿಟ್ಟು ಬೀದರ್ ದಾರಿಯ ಕಮಲಾಪುರದಲ್ಲಿರುವ ಅಕ್ಕನ ಮನೆಗೆ ಹೋದರು. ಸೆಟ್ಟಿನ ಗುಂಡಿಗಳು ಅವರಿಗೆ ಬೆರಳಿನಿಂದಲೇ ಗೊತ್ತು, ಕೂಟದ ಹೆಸರುಗಳು ಬಾಯಿಪಾಠ. ಕಣ್ಣಿಲ್ಲದವರು ಕುಳಿತಲ್ಲಿಂದಲೇ ಮಾಡಬಹುದಾದ ಕೆಲಸ ಅದೊಂದೇ ಉಳಿದಿತ್ತು. ಅದಕ್ಕೆ ಬೇಕಾದದ್ದು ಒಂದು ಆಂಟೆನಾ. ಅದನ್ನು ನಿಲ್ಲಿಸಿಕೊಡುತ್ತೇನೆಂದು ನಾನು ಮಾತು ಕೊಟ್ಟೆ.

ಕಲಬುರಗಿಯ ತಾರಸಿಯ ಮೇಲೆ ಅರವತ್ತು ಅಡಿಗೂ ಮಿಕ್ಕ ತಂತಿಯನ್ನು ಎರಡು ಕಡೆಗೆ ಎಳೆದು ಕಟ್ಟಿದ್ದೆವು. ಕಮಲಾಪುರದ ಮನೆಯ ಹಿಂಗೋಡೆಗೆ ತಾಗಿದಂತೆ ಹೈಟೆನ್ಷನ್ ಲೈನ್ ಹೋಗಿದೆ. ಗಾಳಿಗೆ ಹರಿದು ಬಿದ್ದರೆ ಆ ಲೈನಿಗೆ ತಾಗಬಹುದಾದ ಯಾವ ತಂತಿಯನ್ನೂ ಅಲ್ಲಿ ಕಟ್ಟುವಂತಿಲ್ಲ. ಅಂಗಳದ ಮುಂದಿನ ಮೂಲೆಯಲ್ಲಿ ಕಂಬ ನೆಟ್ಟರೆ, ಅದು ಹಿಂದಕ್ಕೆ ಉರುಳಿದರೂ ಲೈನಿಗೆ ಮುಟ್ಟದಂತಿರಬೇಕು. ಅಳೆದು ನೋಡಿದಾಗ ಸಿಕ್ಕಿದ್ದು ಹದಿನಾಲ್ಕು ಅಡಿ. ಆ ಅಲೆಗೆ ನೆಟ್ಟಗೆ ನಿಲ್ಲುವ ಪೂರ್ಣಪ್ರಮಾಣದ ಆಂಟೆನಾ ಮೂವತ್ತಮೂರು ಅಡಿ ಇರಬೇಕು. ಅರ್ಧಕ್ಕಿಂತ ಗಿಡ್ಡದರಲ್ಲಿ ಕೆಲಸ ಸಾಧಿಸಬೇಕಿತ್ತು.

ಗಿಡ್ಡ ಆಂಟೆನಾದ ಕೊರತೆಯನ್ನು ತಂತಿಯ ಸುರುಳಿಯಿಂದ ತುಂಬುವುದು ರೂಢಿ. ಸುರುಳಿ ಸೇರಿಸಿದರೆ ಗಿಡ್ಡ ಕಂಬವೂ ಉದ್ದ ಕಂಬದಂತೆ ಆ ಅಲೆಗೆ ಶ್ರುತಿಗೂಡುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಮಿಸ್ತ್ರಿಯೊಬ್ಬರಿದ್ದಾರೆ. ಅವರಲ್ಲಿ ತೆಳು ತಾಮ್ರದ ತಂತಿ ಕೊಂಡು ಪಿವಿಸಿ ಪೈಪಿನ ಮೇಲೆ ಸುತ್ತಿ, ಆ ಸುರುಳಿಯನ್ನು ಅಲ್ಯೂಮಿನಿಯಂ ಕಂಬದ ಬುಡದಲ್ಲಿ ಕೂಡಿಸಿದೆ. ಇಂಥ ಆಂಟೆನಾಕ್ಕೆ ನೆಲವೇ ಇನ್ನರ್ಧ ದೇಹ. ನೆಲಕ್ಕೆ ಒಳ್ಳೆಯ ಸಂಪರ್ಕ ಬೇಕು. ನಮ್ಮ ಕಡೆ ಒಳ್ಳೆಯ ಅರ್ಥಿಂಗ್ ಎಂದರೆ ಆಳವಾದ ಗುಂಡಿ, ತಾಮ್ರದ ಸಲಾಕೆ, ಇದ್ದಿಲು, ಉಪ್ಪು, ನಿತ್ಯವೂ ನೀರು. ಕೆಂಪು ಮೊರಮಿನ ಗಟ್ಟಿ ನೆಲವನ್ನು ಇಬ್ಬರು ಆಳುಗಳು ಹಾರೆಯಿಂದ ಎಬ್ಬಿಸಿ ಗುಂಡಿ ತೋಡಿದರು. ಬುದ್ಧನ ಪಟದ ಮುಂದೆ ದೀಪ ಹಚ್ಚಿ ಹೊರಬಂದ ಅಕ್ಕ ಮೊದಲ ಕೊಡ ನೀರು ತಾವೇ ಸುರಿದರು.

"ನಮ್ಮ ತುಳಸಿಗೂ ಇಷ್ಟು ಸೇವಾ ಇಲ್ರೀ ಶಾಸ್ತ್ರಿಗಳ. ಈ ಗುಂಡಿ ಏನು ಹೂ ಬಿಡ್ತದೋ ನೋಡೋಣ," ಎಂದರು.

ಆಂಟೆನಾ ಕಟ್ಟುವವರು ಸೆಟ್ಟಿಗೂ ಕಂಬಕ್ಕೂ ನಡುವೆ ಒಂದು ಮೀಟರ್ ಇಡುತ್ತಾರೆ. ಸೆಟ್ಟಿನಿಂದ ಹೊರಟ ಶಕ್ತಿಯಲ್ಲಿ ಕಂಬ ತಿರಸ್ಕರಿಸಿ ಹಿಂದಕ್ಕೆ ಕಳಿಸಿದ್ದು ಎಷ್ಟೆಂದು ಅದರ ಸೂಜಿ ತೋರುತ್ತದೆ. ಒಂದರ ಮೇಲೆ ನಿಂತರೆ ಏನೂ ಮರಳಲಿಲ್ಲ, ಎಲ್ಲವೂ ಸ್ವೀಕೃತವಾಯಿತು ಎಂದರ್ಥ. ಸುರುಳಿಯ ಸುತ್ತುಗಳನ್ನು ಒಂದೆರಡು ಬಿಚ್ಚಿ ಸರಿಪಡಿಸಿದಾಗ ನಮ್ಮ ಸೂಜಿ ಒಂದರ ಮೇಲೆ ಅಲುಗದೆ ನಿಂತಿತು. ದೇವರ ಮೇಲೆ ಏರಿಸಿದ ಹೂ ಬಲಕ್ಕೆ ಜಾರಿದರೆ ಅಪ್ಪಣೆಯಾಯಿತೆಂದು ನಂಬಿ ಬೆಳೆದವನು ನಾನು. ಆ ಸೂಜಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಸ್‌ಸ್ಟ್ಯಾಂಡಿನಿಂದ ಪೇಢೆ ತಂದು ಹಂಚಿದ್ದೂ ಆಯಿತು.

ಮರುದಿನ ಕಲಬುರಗಿ ಕೋಟೆಯ ಕಂದಕದ ಬದಿಯ ನನ್ನ ಮನೆಯಲ್ಲಿ ಪೂಜೆ ಮುಗಿಸಿ ಸೆಟ್ಟಿನ ಮುಂದೆ ಕುಳಿತೆ. ಮಾಸ್ತರರ ಬದಲಿಗೆ ತಾತ್ಕಾಲಿಕವಾಗಿ ಹಾಜರಿ ಕರೆಯುತ್ತಿದ್ದವರು ಹೊಸಪೇಟೆಯ ಗೆಳೆಯರು. ಅವರು ಮೊದಲು ಕರೆದದ್ದೇ ಮಾಸ್ತರರನ್ನು.

"ಮಾಸ್ತರ, ಕಮಲಾಪುರದಾಗ ಇದ್ದೀರೇನ್ರಿ? ಬರ್ರಿ."

ಸುಂಯ್‌ಗುಡುವ ಗಾಳಿಯಂಥ ಸದ್ದು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಕಾದು, ಮತ್ತೊಮ್ಮೆ ಕರೆದು, ಅವರು ಮುಂದಿನ ಹೆಸರಿಗೆ ಹೋದರು. ನನಗೆ ಆ ಸದ್ದಿನ ಅಡಿಯಲ್ಲಿ ಯಾರೋ ಚಾದರ ಹೊದ್ದು ಮಾತಾಡಿದಂತೆ ಕೇಳಿಸಿತು. ನಾನು ಕೇವಲ ಒಂದು ಗಂಟೆಯ ಬಸ್ಸಿನ ದೂರದಲ್ಲಿದ್ದೆ. ಉಳಿದವರಿಗೆ ಅಷ್ಟೂ ಕೇಳಿಸಲಿಲ್ಲ.

ಫೋನ್ ಮಾಡಿದೆ. ಮಾಸ್ತರರು ಎತ್ತಿದೊಡನೆ, "ನಾ ಬಾಯಿ ಹರ್ಕೊಂಡೀನಿ ಶಾಸ್ತ್ರಿಗಳ. ಅವರ ಕೆಮ್ಮು ಸೈತ ನನಗ ಕೇಳಸ್ತದ. ನಂದು ಅವರಿಗೆ ಕೇಳಸವಲ್ದು. ಸತ್ತವರು ಹಿಂಗೇ ಕುಂತು ಕೇಳ್ತಿರ್ತಾರೇನೋ," ಎಂದರು.

ಗಿಡ್ಡ ಆಂಟೆನಾದ ಸ್ವಭಾವವೇ ಅದು. ಬರುವ ದನಿಯೂ ಆಕಾಶದ ಗದ್ದಲವೂ ಅದರಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಸೆಟ್ಟು ಎರಡನ್ನೂ ಹಿಗ್ಗಿಸಿಕೊಡುವುದರಿಂದ ಕೇಳುವವನಿಗೆ ನಷ್ಟವಿಲ್ಲ. ಹೇಳುವಾಗ ಕುಗ್ಗಿದ್ದು ಮಾತ್ರ ಕುಗ್ಗಿಯೇ ಹೋಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ವೈಶಾಖದ ಬಿಸಿಲಲ್ಲಿ ಬೀದರ್ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುವುದು, ಏನಾದರೊಂದು ಬದಲಿಸುವುದು, ಮರುದಿನದ ಕೂಟಕ್ಕೆ ಕಾಯುವುದು. ಕೇಬಲ್ ಬದಲಿಸಿದೆ. ಕಂಬದ ಕೀಲುಗಳನ್ನು ಉಜ್ಜಿ ಹೊಳಪಿಸಿದೆ. ಗುಂಡಿಗೆ ಇನ್ನಷ್ಟು ಉಪ್ಪು ಸುರಿಸಿದೆ. ಸೂಜಿ ಒಂದರಿಂದ ಕದಲಲಿಲ್ಲ. ಒಂದು ದಿನ ಪುಣೆಯವರು "ಇಂದು ಸ್ವಲ್ಪ ಕೇಳಿಸಿತು" ಎಂದರು. ಅಂದು ನಾನು ಮುಟ್ಟಿದ್ದು ಕೇಬಲ್ಲಿನ ತುದಿಯನ್ನಷ್ಟೇ. ಮರುದಿನ ಏನನ್ನೂ ಮುಟ್ಟದೆ ಬಿಟ್ಟೆ, ಏನೂ ಕೇಳಿಸಲಿಲ್ಲ. ದೂರದ ಊರುಗಳಿಗೆ ಅಲೆ ಹೋಗುವುದು ವಾತಾವರಣದ ಮೇಲ್ಪದರವಾದ ಅಯಾನುಮಂಡಲಕ್ಕೆ ಬಡಿದು ಮರಳಿ. ಆ ಮಂಡಲ ದಿನಕ್ಕೊಂದು ಮನಸ್ಸಿನದು. ಅದರ ಪ್ರಸನ್ನತೆಯನ್ನು ನನ್ನ ಕೈಚಳಕವೆಂದೂ ಅದರ ಮುನಿಸನ್ನು ನನ್ನ ತಪ್ಪೆಂದೂ ಎಣಿಸುತ್ತ ಜ್ಯೇಷ್ಠ ಮಾಸ ಅರ್ಧ ಕಳೆಯಿತು.

ಮಿಸ್ತ್ರಿಯ ಅಂಗಡಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತಿತ್ತು. ಮೋಟಾರಿನ ಹೊಟ್ಟೆಯೊಳಗೆ ಕೈಯಿಟ್ಟುಕೊಂಡೇ ಅವರು, "ಆವೋ ಪಂಡಿತ್‌ಜಿ! ಇಷ್ಟು ತಾರ್ ಒಯ್ದೀರಿ, ಇಷ್ಟೊತ್ತಿಗೆ ಕಮಲಾಪುರಕ್ಕ ಟೆಲಿಫೋನ್ ಲೈನೇ ಎಳೀಬೌದಿತ್ತು," ಎನ್ನುತ್ತಿದ್ದರು.

"ತಂತಿಯಿಲ್ಲದೆ ಮಾತಾಡುವುದಕ್ಕೇ ಇಷ್ಟು ತಂತಿ, ಸಾಹೇಬರೆ," ಎಂದೆ.

"ಅದೇ ಖರೇ ಕಮಾಲ್ ನೋಡ್ರಿ," ಎಂದು ನಕ್ಕು ಚಹಾ ತರಿಸಿದರು. ನನಗೆ ನಗೆ ಬರಲಿಲ್ಲ.

ಇಂಥ ಕಂಬದ ಬುಡದಿಂದ ಸುತ್ತಲೂ, ಬಂಡಿಗಾಲಿಯ ಅರೆಗಳಂತೆ, ನೆಲದ ಮೇಲೆ ತಾಮ್ರದ ತಂತಿಗಳನ್ನು ಹರಡುವ ಪದ್ಧತಿಯೊಂದುಂಟು. ಆಳದ ಸಲಾಕೆ ಸಿಡಿಲಿಗೂ ಮನೆಯ ಕರೆಂಟಿಗೂ ಸರಿ. ರೇಡಿಯೋ ಅಲೆ ನೆಲದ ಮೇಲ್ಪದರದಲ್ಲೇ ಓಡಾಡುತ್ತದೆ, ಅದಕ್ಕೆ ಬೇಕಾದದ್ದು ಹರವು ಎಂದು ಬಲ್ಲವರ ಮಾತು. ಮಾಸ್ತರರು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದರು. ಕಡೆಗೆ ಒಪ್ಪಿ, ಹಳೆಯ ಮೋಟಾರುಗಳಿಂದ ಬಿಚ್ಚಿದ ತಂತಿ ತಂದು, ಅಂಗಳದ ತುಂಬ ಹದಿನಾರು ಅರೆಗಳನ್ನು ಹರಡಿ ಬುಡಕ್ಕೆ ಜೋಡಿಸಿದೆ.

ಸೂಜಿ ಒಂದರಿಂದ ಎದ್ದು ಎರಡನ್ನು ದಾಟಿ ನಿಂತಿತು.

ಸುರುಳಿಯನ್ನು ಎಷ್ಟು ತಿದ್ದಿದರೂ ಅದು ಕೆಳಗಿಳಿಯಲಿಲ್ಲ. ಮರುದಿನ ಮನೆಯಿಂದ ಕೇಳಿದಾಗ ಮಾಸ್ತರರ ದನಿ ಮೊದಲಿಗಿಂತ ಹೆಚ್ಚಿರಲಿಲ್ಲ. ಒಂದು ಎಳೆ ಕಡಿಮೆಯೇ ಎನಿಸಿತು. ಸೂಜಿ ಹೇಳಿದ್ದನ್ನೇ ಕಿವಿಯೂ ಹೇಳಿತಲ್ಲ, ಇನ್ನೇನು ಬೇಕು? ಅದೇ ದಿನ ಬಚ್ಚಲಿಗೆ ಹೊರಟ ಮಾಸ್ತರರ ಕಾಲಿಗೆ ತಂತಿ ಸಿಕ್ಕು ಅವರು ಮುಗ್ಗರಿಸಿ ಮೊಣಕಾಲು ತರಚಿಕೊಂಡರು. ಅಕ್ಕನಿಗೆ ಸಿಟ್ಟು ಬಂತು.

"ಕಣ್ಣಿಲ್ಲದವನ ಅಂಗಳದಾಗ ಇಲಿಬೋನು ಹಾಕಿದಂಗ ಮಾಡೀರಲ್ರೀ! ನಾಳಿ ಬಿದ್ದು ಸೊಂಟ ಮುರಕೊಂಡ್ರ ನಿಮ್ಮ ಮೀಟರ್ ಬಂದು ಉಣಸ್ತದೇನು?"

ನಾನು ತಕ್ಷಣ ಹೊರಟು ಹೋಗಿ ಹದಿನಾರನ್ನೂ ಕಿತ್ತು ಸುತ್ತಿಟ್ಟೆ. ಸೂಜಿ ಮರಳಿ ಒಂದಕ್ಕೆ ಬಂತು. ನೆಮ್ಮದಿಯಾಯಿತೆಂದು ಬರೆಯಲು ನಾಚಿಕೆಯೆನಿಸುತ್ತದೆ. ಆದರೆ ಆ ಕ್ಷಣ ನೆಮ್ಮದಿಯೇ ಆಗಿತ್ತು.

ಆಷಾಢ ಬಂತು, ಅದರೊಂದಿಗೆ ಗಾಳಿ. ಹೊಸಪೇಟೆಯ ಗೆಳೆಯರು ಫೋನ್ ಮಾಡಿದರು. ಅವರ ದನಿಯಲ್ಲಿ ಸಂಕೋಚವಿತ್ತು.

"ಶಾಸ್ತ್ರಿಗಳೇ, ನಾನಾಗಿ ಕೇಳ್ತಿಲ್ರೀ ಇದನ್ನ. ಕೂಟದೋರು ಅಂತಾರ, ದಿನಾ ಹೆಸ್ರು ಕೂಗಿ ಸುಮ್ನೆ ಕಾಯೋದು ಮನಸಿಗೆ ಒಂಥರಾ ಆಗ್ತತಿ ಅಂತ. ಶ್ರಾವಣದ ಮೊದಲ ಸೋಮವಾರ ತನಕ ನೋಡಾಣ. ಆಮ್ಯಾಲೆ ಯಾರನ್ನಾರ ಖಾಯಂ ಮಾಡಾಣ ಅಂತ."

"ಮಾಸ್ತರರಿಗೆ ಹೇಳಿದಿರಾ?"

"ನೀವೇ ಹೇಳ್ಬೇಕ್ರೀ. ನನ್ನ ಕೈಲಾಗಲ್ಲ."

ನಾನೇ ಹೋಗಿ ಹೇಳಿದೆ. ಮಾಸ್ತರರು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದರು. ಪೂರ್ತಿ ಸುಲಿದು, ತಿನ್ನದೆ ತಟ್ಟೆಯಲ್ಲಿಟ್ಟರು. "ನನ್ನ ಹೆಸರು ಕರೀಬ್ಯಾಡ್ರಿ ಅಂತ ಅವರಿಗೆ ಹೇಳಿಬಿಡ್ರಿ. ಕಾಯೋದು ಅವರಿಗೆ ಕಷ್ಟ ಅಂದ್ರ, ಒದರೋದು ನನಗೇನು ಸುಖ ಅದ?" ಎಂದರು. ಬಳಿಕ ನನ್ನ ಕಡೆ ಮುಖ ಮಾಡಿದರು. "ಶಾಸ್ತ್ರಿಗಳ, ನೀವು ಸೂಜಿಗೆ ಹೂ ಏರಿಸಿ ಪ್ರಸಾದ ಕೇಳ್ಲಾಕತ್ತೀರಿ. ಮೂರು ತಿಂಗಳಾತು, ಸೂಜಿ 'ಆಗ್ಲಿ' ಅಂತದ, ಲೋಕ 'ಇಲ್ಲ' ಅಂತದ. ನೀವು ಸೂಜಿ ಮಾತು ಕೇಳ್ತೀರಿ. ಒಮ್ಮೆರ ನನ್ನ ಮಾತು ಕೇಳೀರೇನು?"

ಅವರು ಎದ್ದು ಸೆಟ್ಟಿನ ಮುಂದೆ ಕುಳಿತು, ಅಲೆಪಟ್ಟಿಯಲ್ಲಿ ಯಾರೂ ಇಲ್ಲದ ಮೂಲೆಗೆ ಸೆಟ್ಟನ್ನು ತಿರುವಿ, ಹಟಕ್ಕೆ ಬಿದ್ದವರಂತೆ ಪರೀಕ್ಷೆಯ ಕರೆಯನ್ನು ಬಹಳ ಹೊತ್ತು ಪ್ರಸಾರ ಮಾಡಿದರು. ಆಮೇಲೆ ಸೆಟ್ಟು ಆರಿಸಿ, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಪ್ರಸಾರದ ವೇಳೆ ಸುರುಳಿಯನ್ನು ಮುಟ್ಟಿದರೆ ಚರ್ಮ ಸುಡುತ್ತದೆ. ಆರಿಸಿದ್ದು ನಿಜವೇ ಎಂದು ನಾನು ಕೂಗಿ ಕೇಳಿದೆ. ಅವರು ತಲೆಯಾಡಿಸಿ, ಕುಕ್ಕುರುಗಾಲಲ್ಲಿ ಕುಳಿತು, ಬುಡದ ಸುರುಳಿಗೆ ಕೈಯಿಟ್ಟರು. ಹಾಗೆಯೇ ಇಟ್ಟುಕೊಂಡಿದ್ದರು.

"ಬಿಸಿ ಅದ," ಎಂದರು.

ನಾನೂ ಮುಟ್ಟಿದೆ. ಒಳಗಿನ ಪೈಪೂ ಕಾದಿತ್ತು.

"ನನ್ನ ದನಿ ಎಲ್ಲೂ ಹೋಗಿಲ್ಲ ಶಾಸ್ತ್ರಿಗಳ. ಇಲ್ಲೇ ಕುಂತದ, ಪೈಪ್ ಕಾಸ್ಕೋತ."

ನಾವಿಬ್ಬರೂ ಆ ಸುರುಳಿಯ ಎದುರು ನೆಲದ ಮೇಲೆ ಕುಳಿತುಬಿಟ್ಟೆವು. ಮಾಸ್ತರರು ತರಗತಿಯಲ್ಲಿ ಪಾಠ ಹೇಳುವ ಧಾಟಿಯಲ್ಲಿ ಮುಂದುವರಿಸಿದರು. ಸುರುಳಿ ನುಂಗಿದ್ದು ಕೈಗೆ ಗೊತ್ತಾಗುತ್ತದೆ. ನೆಲ ನುಂಗಿದ್ದು ಗೊತ್ತಾಗುವುದಿಲ್ಲ, ಅದರ ಒಡಲು ದೊಡ್ಡದು. ಗಿಡ್ಡ ಕಂಬ ತನ್ನಷ್ಟಕ್ಕೆ ತೀರ ಕಡಿಮೆ ಶಕ್ತಿಯನ್ನು ಸ್ವೀಕರಿಸುವಂಥದು. ಅದರ ಜೊತೆಗೆ ನೆಲದ ನಷ್ಟವೂ ಸುರುಳಿಯ ನಷ್ಟವೂ ಕೂಡಿ, ಕಾಕತಾಳೀಯವಾಗಿ, ಸೆಟ್ಟು ಬಯಸುವ ಅಳತೆಗೇ ಬಂದಿವೆ. ಅದಕ್ಕೇ ಸೂಜಿ ಒಂದು ತೋರಿಸುತ್ತದೆ. ಶಕ್ತಿ ಮರಳಿ ಬರಲಿಲ್ಲ ಎಂಬುದಷ್ಟೇ ಸೂಜಿಗೆ ಗೊತ್ತು. ಅದು ಆಕಾಶಕ್ಕೆ ಹೋಯಿತೋ ಮಣ್ಣಿಗೆ ಹೋಯಿತೋ ಎಂಬುದನ್ನು ಅದು ಎಂದೂ ಹೇಳಿರಲಿಲ್ಲ. ಹೇಳಿತೆಂದು ನಾನು ತಿಳಿದಿದ್ದೆ.

"ಹಾಗಾದರೆ ಅರೆಗಳನ್ನು ಹರಡಿದಾಗ ಸೂಜಿ ಎದ್ದದ್ದು?" ಎಂದೆ.

"ನೆಲ ನುಂಗೋದು ಬಿಟ್ಟಿತ್ತು, ಅದಕ್ಕ. ಒಳ್ಳೇದಾಗಿದ್ದಕ್ಕೇ ಎದ್ದಿತ್ತು."

"ಆದರೆ ನಿಮ್ಮ ದನಿ ಹೆಚ್ಚಲಿಲ್ಲವಲ್ಲ. ನಾನೇ ಕೇಳಿದ್ದೇನೆ."

ಅವರು ಹುಬ್ಬು ಗಂಟಿಕ್ಕಿದರು. "ಅವತ್ತು ಪವರ್ ಸಪ್ಲೈನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡೋದು ಕಮ್ಮಿ ಇತ್ತು. ಕರೆಂಟ್ ಕಮ್ಮಿ ಬರ್ಲಾಕತ್ತದೇನೋ ಅನ್ಕೊಂಡಿದ್ದೆ. ಕರೆಂಟಲ್ಲ ಅದು. ಸೂಜಿ ಎರಡು ದಾಟಿದ್ರ ಈ ಸೆಟ್ ಅಂಜಿ ತಾನೇ ಶಕ್ತಿ ಕಡಿಮಿ ಮಾಡ್ಕೋತದ. ತನ್ನ ಜೀವ ಉಳಿಸ್ಕೊಳ್ಳಾಕ."

ಸರಿಯಾದದ್ದನ್ನು ಮಾಡಿದ್ದೆ. ಮಾಡಿದ ಮರುದಿನವೇ ಅದನ್ನು ನನ್ನ ಕೈಯಾರೆ ಕಿತ್ತು, ಸುತ್ತಿ, ಹಗ್ಗ ಕಟ್ಟಿ ತೂಗುಹಾಕಿದ್ದೆ. ಆ ತಂತಿಯ ಸಿಂಬಿ ಹಿತ್ತಲ ಬಾಗಿಲ ಬಳಿ ಇನ್ನೂ ನೇತಾಡುತ್ತಿತ್ತು; ಅಕ್ಕ ಅದರ ಮೇಲೆ ಒರಸುವ ಬಟ್ಟೆ ಒಣಹಾಕಿದ್ದರು.

ಅಂದು ನಾನು ಮಾಡಿದ ನಿರ್ಧಾರ ಇದು. ಇನ್ನು ಮೇಲೆ ಕಮಲಾಪುರದಲ್ಲಿ ನಿಂತು ಕಮಲಾಪುರದ ಕಂಬವನ್ನು ಪರೀಕ್ಷಿಸಬಾರದು. ದೂರದ ಊರವರ ವರದಿಗಳನ್ನೂ ನೆಚ್ಚಬಾರದು. ಅಯಾನುಮಂಡಲದ ಗೊಡವೆಯಿಲ್ಲದೆ ನೆಲವನ್ನು ಹಿಡಿದೇ ಬರುವ ಅಲೆ ಕಲಬುರಗಿಯ ತನಕ ಬರುತ್ತಿತ್ತಲ್ಲ, ಅದಕ್ಕೆ ದಿನದಿನದ ಏರಿಳಿತವಿಲ್ಲ. ಅದನ್ನೇ ತಕ್ಕಡಿ ಮಾಡಿಕೊಳ್ಳಬೇಕು. ಎಂದರೆ ನಾನು ನನ್ನ ಮನೆಯಲ್ಲಿ ಕುಳಿತು ಕೇಳಬೇಕು, ಅಂಗಳದಲ್ಲಿ ಕೈಯಾಡಿಸುವವರು ಬೇರೆಯಿರಬೇಕು. ಕೆಲಸವನ್ನು ಬೇರೆಯವರ ಕೈಗೆ ಬಿಟ್ಟು ಸುಮ್ಮನೆ ಕೇಳುವುದು ನನ್ನ ಸ್ವಭಾವಕ್ಕೆ ಒಗ್ಗದು. ಆದರೂ ಒಪ್ಪಿಕೊಂಡೆ.

ಮೊದಲು ಅರೆಗಳನ್ನು ಮತ್ತೆ ಹರಡಬೇಕಿತ್ತು. ಅಕ್ಕನನ್ನು ಕೇಳಲು ನನಗೆ ಧೈರ್ಯವಿರಲಿಲ್ಲ; ಮಾಸ್ತರರೇ ಕೇಳಿದರು. ಅಕ್ಕ ಸೊಂಟಕ್ಕೆ ಕೈಕೊಟ್ಟು ಅಂಗಳವನ್ನೆಲ್ಲ ದಿಟ್ಟಿಸಿದರು.

"ತಂತಿ ನೆಲದಾಗ ಆಳಕ್ಕ ಹೋಗ್ಬೇಕೇನು?"

"ಇಲ್ಲಕ್ಕ. ಮ್ಯಾಲೇ ಇದ್ರ ಚಲೋ."

"ಹಂಗಾದ್ರ ಬಿಗಿಯಾಗಿ ಎಳದು ಮೊಳಿ ಬಡೀರಿ. ಹೆಂಗೂ ಅಂಗಳ ಸಾರಸೋದು ಅದ. ಸೆಗಣಿ ಹಾಕಿ ಮ್ಯಾಲೆ ಸಾರಿಸಿಬಿಡ್ತೀನಿ, ಎದ್ದಾವೇನು ನೋಡ್ತೀನಿ."

ಹಾಗೆಯೇ ಆಯಿತು. ಎರಡು ಸಾರಣೆಯಾಗಿ ಒಣಗಿದ ಮೇಲೆ ತಂತಿಗಳ ಗುರುತೂ ಉಳಿಯಲಿಲ್ಲ. ಮಾಸ್ತರರು ಬರಿಗಾಲಲ್ಲಿ ಅಂಗಳದ ಉದ್ದಗಲ ನಡೆದು, ಎಲ್ಲೂ ಎಡವದೆ, "ಪಾಸ್" ಎಂದು ಸಾರಿದರು.

ಸುರುಳಿಯನ್ನೂ ಬದಲಿಸಿದೆವು. ಫ್ರಿಜ್ಜುಗಳಿಗೆ ಹಾಕುವ ತಾಮ್ರದ ಕೊಳವೆಯನ್ನು ಬಳಸಿದರೆ ನಷ್ಟ ಕಡಿಮೆ. ಮೊದಲ ಕೊಳವೆಯನ್ನು ನಾನು ಅವಸರದಲ್ಲಿ ಬಾಗಿಸಿ ಮೂರು ಕಡೆ ಚಪ್ಪಟೆ ಮಾಡಿದೆ. ಎರಡನೆಯದಕ್ಕೆ ಒಣ ಮರಳು ತುಂಬಿ ಬಾಗಿಸಿದಾಗ ಸುರುಳಿ ದುಂಡಗೆ ಬಂತು. ಅದನ್ನು ಬುಡದಿಂದ ತೆಗೆದು ಕಂಬದ ನಡುವಿಗೆ ಏರಿಸಿದೆವು. ಕಂಬದ ತುದಿಗೆ ಆರು ಅಲ್ಯೂಮಿನಿಯಂ ಕಡ್ಡಿಗಳನ್ನು ಛತ್ರಿಯಂತೆ ಹರಡಿ, ಅವುಗಳ ತುದಿಗಳನ್ನು ತಂತಿಯಿಂದ ಸುತ್ತಿ ಕೂಡಿಸಿದೆವು. ತಲೆಯ ಮೇಲೆ ಇಂಥ ಹರವಿದ್ದರೆ ವಿದ್ಯುತ್ತು ಕಂಬದ ತುದಿಯವರೆಗೂ ತುಂಬಿ ಹರಿಯುತ್ತದೆ. ಗಿಡ್ಡ ಕಂಬ ಎತ್ತರದ ಕಂಬದಂತೆ ವರ್ತಿಸುತ್ತದೆ, ಸುರುಳಿಯ ಸುತ್ತುಗಳೂ ಕಡಿಮೆ ಸಾಕಾಗುತ್ತವೆ.

ದಾರಿಯಲ್ಲಿ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ನಿಂತು, "ಯವ್ವಾ, ಇದ್ಯಾವ ದೇವರ ಛತ್ರಿ ಏರ್ಸೀರಿ?" ಎಂದು ಅಕ್ಕನನ್ನು ಕೇಳಿದಳು.

"ನಮ್ಮ ತಮ್ಮನ ಬಾಯಿ ಅನ್ನೋ ದೇವರದವ್ವ. ದಿನಾ ಏಳಕ್ಕ ಎದ್ದು ಒದರ್ತದ," ಎಂದರು ಅಕ್ಕ.

ಆಮೇಲಿನ ಪರೀಕ್ಷೆ ಹೀಗಿತ್ತು. ಸೆಟ್ಟು ಅಂಜಿ ಹಿಂಜರಿಯದಂತೆ ಮಾಸ್ತರರು ಶಕ್ತಿಯನ್ನು ತೀರ ಕೆಳಗಿಳಿಸಿದರು. ಎಲ್ಲ ಅರೆಗಳನ್ನೂ ಒಂದು ತಾಮ್ರದ ಬಳೆಗೆ ಬೆಸೆದಿದ್ದೆವು. ಆ ಬಳೆಯನ್ನು ಒಂದೇ ಕ್ಲಿಪ್ಪಿನಿಂದ ಬುಡಕ್ಕೆ ಹಚ್ಚಬಹುದು, ತೆಗೆಯಬಹುದು. ಕ್ಲಿಪ್ಪಿನ ಹೊಣೆ ಅಕ್ಕನದು. ಕೋಟೆಯ ಬದಿಯ ನನ್ನ ಮನೆಯಲ್ಲಿ ಫೋನನ್ನು ಒಂದು ಕಿವಿಗೂ ಸೆಟ್ಟಿನ ಹೆಡ್‌ಫೋನನ್ನು ಇನ್ನೊಂದಕ್ಕೂ ಹಿಡಿದು ಕುಳಿತೆ.

"ಈಗ ಹಚ್ಚಿಲ್ಲ," ಎಂದರು ಅಕ್ಕ ಫೋನಿನಲ್ಲಿ. ಮಾಸ್ತರರ ದನಿ ಚಾದರದಡಿಯಿಂದ ಬಂತು.

"ಈಗ ಹಚ್ಚೀನಿ."

ಚಾದರ ಸರಿಯಿತು. ಸೆಟ್ಟಿನ ಮೇಲೆ ದನಿಯ ಬಲ ತೋರುವ ಗೆರೆಗಳು ಏರಿದವು. ಮತ್ತೆ ತೆಗೆಸಿದೆ, ಮತ್ತೆ ಹಚ್ಚಿಸಿದೆ. ಅಕ್ಕನಿಗೆ ಸಾಕಾಯಿತು. "ಎಷ್ಟು ಸಲ ಬಗ್ಗಿ ಏಳಸ್ತೀರಿ? ಏರ್ತದೋ ಇಲ್ಲೋ ಅದೊಂದು ಹೇಳ್ರಿ!"

"ಏರುತ್ತದೆ ತಾಯಿ. ಪ್ರತಿ ಸಲವೂ ಏರುತ್ತದೆ."

ಕಮಲಾಪುರದ ಸೂಜಿ ಆ ಹೊತ್ತಿಗೂ ಎರಡರ ಮೇಲೆ ನಿಂತು ತಪ್ಪೆಂದೇ ಹೇಳುತ್ತಿತ್ತು. ಅದನ್ನು ಒಪ್ಪಿಸುವುದು ಕೊನೆಯ ಕೆಲಸ. ಕಂಬದ ಬುಡಕ್ಕೂ ಅರೆಗಳ ಬಳೆಗೂ ನಡುವೆ ನಾಲ್ಕಾರು ಸುತ್ತಿನ ಚಿಕ್ಕ ಸುರುಳಿಯೊಂದನ್ನು ಅಡ್ಡಲಾಗಿ ಜೋಡಿಸಿದರೆ, ನಷ್ಟವನ್ನು ಹೆಚ್ಚಿಸದೆಯೇ ಸೆಟ್ಟಿಗೆ ಬೇಕಾದ ಅಳತೆ ಸಿಗುತ್ತದೆ. ಮೂರು ಸಲ ಸುತ್ತಿ ಮೂರು ಸಲ ತಪ್ಪಿದೆ. ಒಮ್ಮೆ ಗಾಳಿಗೆ ಛತ್ರಿಯ ಕಡ್ಡಿಯೊಂದು ಬಾಗಿ, ಶ್ರುತಿ ತಪ್ಪಿ, ಒಂದು ಮಧ್ಯಾಹ್ನದ ಕೆಲಸವೆಲ್ಲ ಹಾಳಾಯಿತು. ಶ್ರಾವಣದ ಮೊದಲ ಸೋಮವಾರಕ್ಕೆ ಎರಡೇ ದಿನ ಉಳಿದಾಗ ಸೂಜಿ ಕೆಳಗಿಳಿಯಿತು. ಈ ಬಾರಿ ನಾನು ಅದಕ್ಕೆ ಕೈಮುಗಿಯಲಿಲ್ಲ. ಮಾಸ್ತರರು ಕಿವಿಗೊಟ್ಟು, "ಟ್ರಾನ್ಸ್‌ಫಾರ್ಮರ್ ಪೂರಾ ಗುಂಯ್‌ಗುಡ್ಲಾಕತ್ತದ," ಎಂದರು. ನಾನು ಬಸ್ಸು ಹಿಡಿದು ಮನೆಗೆ ಬಂದೆ.

ಸೋಮವಾರ ಬೆಳಗ್ಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಏಳಕ್ಕೆ ಹೊಸಪೇಟೆಯ ಗೆಳೆಯರು ಕೂಟವನ್ನು ತೆರೆದು, ಎಂದಿನಂತೆ ಮಾಸ್ತರರ ಹೆಸರನ್ನೇ ಮೊದಲು ಕರೆದರು; ಕರೆಯಬೇಡಿರೆಂಬ ಮಾತನ್ನು ನಾನು ಅವರಿಗೆ ಮುಟ್ಟಿಸಿರಲಿಲ್ಲ. ಕರೆದು, ಬಹುಶಃ ಅಭ್ಯಾಸಬಲದಿಂದ, ಕಾಯದೆ ಎರಡನೆಯ ಹೆಸರಿಗೆ ಬಾಯಿ ತೆರೆದರು. ಅವರ ಮಾತಿನ ಮೇಲೆಯೇ ಇನ್ನೊಂದು ದನಿ ಏರಿ ಬಂತು.

"ಯಾಕ್ರೀ, ಇಷ್ಟು ಅವಸರ? ಹಾಜರಿ ಕರದ ಮ್ಯಾಲೆ ಉಸಿರು ತಗೊಳ್ಳೋಷ್ಟಾದ್ರೂ ಟೈಮ್ ಕೊಡ್ರಿ. ಮಾಸ್ತರ್, ಕಮಲಾಪುರ, ಹಾಜರ್!"

ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಯಾರದೂ ಕೇಳಲಿಲ್ಲ. ಬೆಂಗಳೂರಿನವರು ಸ್ವಚ್ಛವಾಗಿದೆಯೆಂದರು. ಪುಣೆಯವರು, "ಸ್ವಚ್ಛ, ಮಾಸ್ತರ್, ಏಕದಂ ಸ್ವಚ್ಛ," ಎಂದು ಎರಡು ಸಲ ಹೇಳಿದರು. ನಾಗಪುರದವರು ಮಾತ್ರ, "ದನಿ ಇದೆ, ಆದರೆ ಮೊದಲಿನಷ್ಟು ಗಟ್ಟಿಯಿಲ್ಲ," ಎಂದರು. ಅದು ನಿಜವೇ. ಹದಿನಾಲ್ಕು ಅಡಿಯ ಕಂಬ ಎಷ್ಟು ಪ್ರಯಾಸಪಟ್ಟರೂ ಅರವತ್ತು ಅಡಿಯ ತಂತಿಯಾಗದು.

ಮಾಸ್ತರರು ಬಿಡಲಿಲ್ಲ. "ನಾಗಪುರ, ನಾಳಿ ಕಿವಿ ತೊ‌ಳ್ಕೊಂಡು ಬರ್ರಿ," ಎಂದರು.

ಹೊಸಪೇಟೆಯವರು ನಡುವೆ ಬಂದರು. "ಮಾಸ್ತರ, ಕೂಟ ನಿಮ್ಮದು. ತಗೋರಿ."

ಮಾಸ್ತರರು ತಗೊಂಡರು. ಒಂದೊಂದೇ ಹೆಸರನ್ನು, ಪ್ರತಿಯೊಬ್ಬರಿಗೂ ಕಾದು, ಕೊನೆಯವರೆಗೆ ಕರೆದರು. ಹೊಸದಾಗಿ ಸೇರಿದ ಇಬ್ಬರ ಹೆಸರೂ ಅವರಿಗೆ ಗೊತ್ತಿತ್ತು; ಮೂರು ತಿಂಗಳು ಕೇಳುತ್ತಲೇ ಇದ್ದರಲ್ಲ. ನನ್ನ ಹೆಸರು ಬಂದಾಗ ಹಾಜರಿ ಹೇಳಿದೆ. "ದನಿ ಯಾಕೋ ನಡುಗ್ಲಾಕತ್ತದ ಶಾಸ್ತ್ರಿಗಳ, ನಿಮ್ಮ ಆಂಟೆನಾ ಒಮ್ಮೆ ನೋಡ್ಕೊಳ್ರಿ," ಎಂದು ಮುಂದಿನ ಹೆಸರಿಗೆ ಹೋದರು.

ಸೆಟ್ಟು ಆರಿಸಿದ ಮೇಲೆ ನನ್ನಲ್ಲಿ ಉಳಿದದ್ದು ಶುದ್ಧ ಸಂತೋಷವೆಂದು ಹೇಳಲಾರೆ. ಜ್ಯೇಷ್ಠದಲ್ಲೇ ಆಗಬಹುದಾಗಿದ್ದ ಬೆಳಗು ಅದು. ನಡುವಿನ ಅಷ್ಟೂ ಬೆಳಗುಗಳಲ್ಲಿ ಮಾಸ್ತರರು ಮಣ್ಣಿನೊಂದಿಗೆ ಮಾತಾಡಿದ್ದರು. ಆ ಬೆಳಗುಗಳನ್ನು ತಿರುಗಿ ಕೊಡಲು ನನ್ನ ಕೈಯಲ್ಲಿ ಏನೂ ಇಲ್ಲ.

ಆದ್ದರಿಂದ ನನ್ನಿಂದ ಸಲ್ಲುವುದು ಹಾರೈಕೆಯೊಂದೇ. ಹಾರೆ ಹಿಡಿದು ಮೊರಮು ಎಬ್ಬಿಸಿದ ತೋಳುಗಳಲ್ಲಿ ಬಲ ನಿಲ್ಲಲಿ. ನಗುತ್ತಲೇ ತಂತಿ ಅಳೆದುಕೊಟ್ಟ ಮಿಸ್ತ್ರಿ ಸಾಹೇಬರ ಒಲೆ ಆರದಿರಲಿ. ಖಾಲಿ ಉತ್ತರಕ್ಕೆ ದಿನವೂ ಮೊದಲ ಹೆಸರು ಕರೆದ ಹೊಸಪೇಟೆಯ ಗೆಳೆಯರಿಗೆ ಆಯುಸ್ಸು ಹೆಚ್ಚಲಿ. ಬಗ್ಗಿ ಎದ್ದು, ಬೈದು, ಅಂಗಳ ಸಾರಿಸಿದ ಅಕ್ಕನ ಸೊಂಟಕ್ಕೆ ನೋವು ಬಾರದಿರಲಿ. ಕಣ್ಣಿನ ಬೆಳಕನ್ನು ಕಿವಿಗೂ ಕೈಗೂ ಹಂಚಿಕೊಂಡ ಮಾಸ್ತರರನ್ನು ಅವರು ನಂಬಿದ ಬುದ್ಧನೂ ನಾನು ನಂಬಿದ ಶಿವನೂ ಕೂಡಿಯೇ ಕಾಯಲಿ. ಕರೆದು ಉತ್ತರ ಸಿಗದೆ ಕುಳಿತವರು ಈ ಲೋಕದಲ್ಲಿ ಎಲ್ಲೆಲ್ಲಿದ್ದಾರೋ, ಅವರೆಲ್ಲರ ದನಿಯೂ ಮುಟ್ಟುವಲ್ಲಿಗೆ ಮುಟ್ಟಲಿ.